ಕಾಲು ಊರಬೇಡಿ ಅಂದರು, ಊರುಗೋಲು ಎಲ್ಲಿದೆ ಅಂತ ಯಾರೂ ಹೇಳಲಿಲ್ಲ

ಮೂರು ದಿನ ಆಯಿತು, ಸಿಟ್ಟು ಇಳಿದಿಲ್ಲ.

ಶನಿವಾರ ಮಳೆ ಸ್ವಲ್ಪ ಬಿಟ್ಟಿತ್ತು. ಅಡಿಕೆಗೆ ಮದ್ದು ಬಿಡುವವರು ಬಂದಿದ್ದರು. ಅವರಿಗೆ ಚಹಾ ಹಿಡಿದುಕೊಂಡು ತೋಟಕ್ಕೆ ಇಳಿಯುವಾಗ ಮುರಕಲ್ಲಿನ ಮೆಟ್ಟಿಲಲ್ಲಿ ಪಾಚಿಗೆ ಜಾರಿದೆ. ಬಲಗಾಲು ಅಲ್ಲೇ ಸಿಕ್ಕಿಕೊಂಡಿತು, ಮೈ ಮಾತ್ರ ತಿರುಗಿತು, ಮೊಣಕಾಲಿನ ಒಳಗೆ ಟಪ್ ಅಂತ ಸದ್ದು. ಅರ್ಧ ಗಂಟೆಯಲ್ಲಿ ತೆಂಗಿನಕಾಯಿಯಷ್ಟು ಊದಿತು. ಭಾವ ಜೀಪಿಗೆ ಹಾಕಿಕೊಂಡು ಬದಿಯಡ್ಕ ದಾಟಿ ಕಾಸರಗೋಡು ಪೇಟೆಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದರು.

ಎಕ್ಸ್‌ರೇಯಲ್ಲಿ ಎಲುಬು ಸರಿಯಿದೆ, ಲಿಗಮೆಂಟ್ ಹರಿದಿರಬಹುದು, ಊತ ಇಳಿದ ಮೇಲೆ ಎಂಆರ್‌ಐ ಮಾಡೋಣ ಅಂದರು. ತೊಡೆಯಿಂದ ಮೀನಖಂಡದವರೆಗೆ ಒಂದು ಪಟ್ಟಿ ಬಿಗಿದರು. ಬಲಗಾಲಿಗೆ ಭಾರ ಹಾಕಲೇಬಾರದು ಅಂತ ಡಾಕ್ಟರು ಎರಡೆರಡು ಸಲ ಹೇಳಿದರು. ಸರಿ, ಒಪ್ಪಿದೆ. ಹಾಗಾದರೆ ನಡೆಯುವುದು ಹೇಗೆ ಅಂತ ಕೇಳಿದೆ. "ಕ್ರಚಸ್ ತಗೊಳ್ಳಿ, ಹೊರಗೆ ಸಿಗುತ್ತದೆ" ಅಂದರು. ಅಷ್ಟೇ. ಗೇಟಿನವರೆಗೆ ವೀಲ್‌ಚೇರ್‌ನಲ್ಲಿ ತಂದರು, ಅದು ವಾಪಸ್ ಬೇಕು ಅಂದರು, ಒಂಟಿ ಕಾಲಿನಲ್ಲಿ ನಾನು ಗೇಟಿನ ಕಂಬ ಹಿಡಿದು ನಿಂತೆ. ಮಳೆ ಮತ್ತೆ ಶುರುವಾಗಿತ್ತು.

ಹೊರಗೆ ಅಂದರೆ ಎಲ್ಲಿ? ಶನಿವಾರ ರಾತ್ರಿ ಏಳೂವರೆ. ಆಸ್ಪತ್ರೆಯ ಮೆಡಿಕಲ್‌ನಲ್ಲೇ ಸ್ಟಾಕ್ ಇಲ್ಲ, ಸೋಮವಾರ ಬನ್ನಿ ಅಂದರು. ಮೂಳೆ ಡಾಕ್ಟರು ಕೂತು ಮೊಣಕಾಲು ನೋಡುವ ಕಡೆ ಒಂದು ಜೊತೆ ಊರುಗೋಲು ಇಡಲು ಆಗುವುದಿಲ್ವಾ? ಸೋಮವಾರದವರೆಗೆ ನಾನು ಹಾರಿಕೊಂಡು ಇರಬೇಕಾ? ಭಾವ ಮಳೆಯಲ್ಲಿ ನೆನೆದುಕೊಂಡು ಅಂಗಡಿ ಅಂಗಡಿ ತಿರುಗಿದರು. ಒಂದು ಕಡೆ ಊರುಗೋಲು ಅಂದರೆ ಅಜ್ಜಂದಿರು ಹಿಡಿಯುವ ಕೋಲು ತೆಗೆದು ತೋರಿಸಿದರು. ಇನ್ನೊಂದು ಕಡೆ ಒಂದೇ ಒಂದು ಜೊತೆ ಇತ್ತು, ಅಲ್ಯೂಮಿನಿಯಂನದ್ದು, 1,350 ರೂಪಾಯಿ. ಎತ್ತರ ಎಷ್ಟು ಅಂತ ಅಂಗಡಿಯವರು ಕೇಳಲೂ ಇಲ್ಲ. ನಾನು ಆರಡಿಗೆ ಎರಡೇ ಇಂಚು ಕಡಿಮೆ. ಮನೆಗೆ ಬಂದು ಬಟನ್ ಒತ್ತಿ ಕೊನೆಯ ತೂತಿನವರೆಗೆ ಎಳೆದರೂ ಅದು ನನ್ನ ಪಕ್ಕೆಲುಬಿಗೇ ನಿಂತಿತು.

ನಮ್ಮ ಬಚ್ಚಲು ಅಂಗಳದ ಆಚೆ. ಭಾನುವಾರ ಇಡೀ ದಿನ ಬೆನ್ನು ಬಗ್ಗಿಸಿ, ಎದೆಯ ಭಾರವನ್ನೆಲ್ಲ ಆ ಕೋಲುಗಳ ಮೇಲೆ ಹಾಕಿ ಹೋಗಿ ಬಂದೆ, ಅಮ್ಮ ಹಿಂದಿನಿಂದ ಕೊಡೆ ಹಿಡಿದುಕೊಂಡು ಬರುತ್ತಿದ್ದರು. ಸೋಮವಾರ ಎದ್ದರೆ ಬಲಗೈ ಬೆರಳು ಜೋಮು ಹಿಡಿದಿದೆ.

ಆವತ್ತು ಪಕ್ಕದ ಮನೆಯ ಅಜ್ಜಿಯನ್ನು ನೋಡಲು ಪಂಚಾಯತಿನ ಪಾಲಿಯೇಟಿವ್ ಸಿಸ್ಟರ್, ಅಂದರೆ ಹಾಸಿಗೆ ಹಿಡಿದವರನ್ನು ಮನೆಗೇ ಬಂದು ನೋಡುವ ನರ್ಸ್, ಬಂದಿದ್ದರು. ನನ್ನನ್ನು ನೋಡಿ ಬೈದರು. ಭಾರ ಅಂಗೈ ಮೇಲೆ ಬೀಳಬೇಕು, ಕಂಕುಳಲ್ಲಿ ಒತ್ತಿದರೆ ಅಲ್ಲಿನ ನರಕ್ಕೆ ಪೆಟ್ಟು ಅಂದರು. ಸಂಜೆ ಅವರೇ ಉದ್ದದ ಒಂದು ಜೊತೆ ತಂದುಕೊಟ್ಟರು. ದುಡ್ಡಿಲ್ಲ, ಗುಣ ಆದ ಮೇಲೆ ವಾಪಸ್ ಕೊಡಿ ಅಂದರು. ಕಂಕುಳಿಗೂ ಕೋಲಿಗೂ ನಡುವೆ ಮೂರು ಬೆರಳು ಇಟ್ಟು ಅಳತೆ ನೋಡಿದರು, ಮೊಣಕೈ ಸ್ವಲ್ಪ ಬಾಗುವ ಹಾಗೆ ಹಿಡಿಕೆ ಏರಿಸಿದರು. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಕೋಲು ಮತ್ತು ನೋವಿನ ಕಾಲು ಮೊದಲು ಅಂತ ಜಗಲಿಯಲ್ಲೇ ನಡೆಸಿ ತೋರಿಸಿದರು. ಹತ್ತು ನಿಮಿಷದ ಕೆಲಸ. ಫೀಸು ತಗೊಂಡವರು ಆ ಹತ್ತು ನಿಮಿಷ ಕೊಡಲಿಲ್ಲ.

ಹೀಗೆ ಮನೆಗೇ ಬಂದು ನೋಡುವ ಪಾಲಿಯೇಟಿವ್ ನೀತಿ ಕೇರಳದಲ್ಲಿ ಬಂದದ್ದು 2008ರಲ್ಲಿ, ಹೊಸತೇನೂ ಅಲ್ಲ. ಪಂಚಾಯತಿನಲ್ಲಿ ಕೇಳಿ ನೋಡಿ ಅಂತ ಆ ಆಸ್ಪತ್ರೆಯ ಕೌಂಟರಿನಲ್ಲಿ ಒಬ್ಬರು, ಕನ್ನಡದಲ್ಲೋ ಮಲಯಾಳದಲ್ಲೋ, ಒಂದು ಮಾತು ಹೇಳಿದ್ದರೆ ಸಾಕಿತ್ತು.

ಮಂಗಳೂರಿಗೆ ಹೋಗಬಹುದಿತ್ತಲ್ಲ ಅಂತ ದಯವಿಟ್ಟು ಹೇಳಬೇಡಿ. ಊದಿದ ಕಾಲು ಚಾಚಿಕೊಂಡು 50 ಕಿಲೋಮೀಟರು, ಎರಡು ಕೋಲಿಗೆ! 2020ರ ಕೊರೋನಾ ಲಾಕ್‌ಡೌನಿನಲ್ಲಿ ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ನಮ್ಮ ಕಡೆಯ ರೋಗಿಗಳ ಪಾಡು ಏನಾಯಿತು ಅಂತ ಮರೆತಿಲ್ಲ.

ಇವತ್ತು ಭಾವ ಗಿಡ್ಡ ಜೊತೆಯನ್ನು ವಾಪಸ್ ತಗೊಂಡು ಹೋದರು. ಮಾರಿದ್ದು ಮಾರಿದ್ದೇ ಅಂದರಂತೆ. ಅದೀಗ ಜಗಲಿಯಲ್ಲಿ ಬಿದ್ದಿದೆ. ಪೆರ್ಲ, ಬದಿಯಡ್ಕ ಕಡೆ ಗಿಡ್ಡ ಇರುವವರು ಯಾರಿಗಾದರೂ ಅರ್ಜೆಂಟ್ ಬೇಕಿದ್ದರೆ ಹೇಳಿ. ಭಾನುವಾರವಾದರೂ ಸರಿ, ರಾತ್ರಿಯಾದರೂ ಸರಿ. ದುಡ್ಡು ಬೇಡ.