ಡೀಸೆಲ್ ಕುಡಿಯುವ ಹಸಿರು ಆಟೋ

ಪೀಣ್ಯದ ಒಂದು ಗೋಡೌನ್‌ನಲ್ಲಿ ಲೆಕ್ಕ ಬರೆಯುವವನು ನಾನು. ನಮ್ಮಲ್ಲಿ ಹನ್ನೆರಡು ಎಲೆಕ್ಟ್ರಿಕ್ ಗೂಡ್ಸ್ ಆಟೋಗಳಿವೆ. ಎಲ್ಲದರ ಬೆನ್ನ ಮೇಲೂ ಒಂದು ಹಸಿರು ಎಲೆ, ಕೆಳಗೆ ‘ಹೊಗೆ ಇಲ್ಲ, ಸದ್ದಿಲ್ಲ’ ಎಂಬ ಬರಹ.

ಮೊನ್ನೆ ಮಧ್ಯಾಹ್ನ ಊಟದ ಹೊತ್ತಿಗೆ ಆರು ಆಟೋ ಬಂದು ಚಾರ್ಜಿಗೆ ನಿಂತವು. ಆಗಲೇ ಕರೆಂಟ್ ಹೋಯ್ತು. ಹೊರಗೆ ತಲೆ ಒಡೆಯುವಂಥ ಬಿಸಿಲು, ಶೀಟಿನ ಮೇಲೆ ಸಾಲು ಸಾಲು ಸೋಲಾರ್ ಪ್ಯಾನೆಲ್. ಆದರೆ ಶುರುವಾದದ್ದು ಹಿತ್ತಲ ಜನರೇಟರ್. ನನ್ನ ಮೇಜಿನ ಮೇಲಿದ್ದ ಸ್ಟೀಲ್ ಡಬ್ಬಿ ಅದರ ಅದುರಾಟಕ್ಕೆ ತಾನೇ ಒಂದೂವರೆ ಇಂಚು ನಡೆದು ರಿಜಿಸ್ಟರ್ ಮೇಲೆ ಹತ್ತಿ ಕೂತಿತು. ಕಿಟಕಿಯಾಚೆ ಕಪ್ಪು ಹೊಗೆ, ಆ ಹೊಗೆಯಲ್ಲೇ ಆರು ಹಸಿರು ಎಲೆಗಳು ನೆಮ್ಮದಿಯಾಗಿ ಚಾರ್ಜ್ ಆಗುತ್ತಿದ್ದವು.

ಪ್ಯಾನೆಲ್ ಯಾಕೆ ಕೆಲಸ ಮಾಡ್ತಿಲ್ಲ ಅಂದರೆ, ಹೊರಗಿನ ಕರೆಂಟ್ ಹೋದ ತಕ್ಷಣ ಸೋಲಾರ್ ಇನ್ವರ್ಟರ್, ಅಂದರೆ ಪ್ಯಾನೆಲ್ಲಿನ ಕರೆಂಟನ್ನು ಹೊರಗಿನ ಲೈನಿಗೆ ಹೊಂದಿಸಿ ಸೇರಿಸುವ ಪೆಟ್ಟಿಗೆ, ತಾನೂ ಆಫ್ ಆಗಬೇಕು. ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಚಾವಣಿಯ ಕರೆಂಟ್ ಹೊಡೆಯಬಾರದಲ್ವಾ? ಅದಕ್ಕೆ. ಈ ನಿಯಮವನ್ನು ನಾನು ಆಡಿಕೊಳ್ಳುವುದಿಲ್ಲ. ಆಡಿಕೊಳ್ಳಬೇಕಾದ್ದು ಗೇಟಿಗೆ ನೇತುಹಾಕಿರುವ ಬೋರ್ಡನ್ನು. ‘ಸ್ವಾವಲಂಬಿ ಮೈಕ್ರೋಗ್ರಿಡ್ ಆವರಣ’ ಅಂತ ಅದರಲ್ಲಿ ಬರೆದಿದೆ.

ನಿಜವಾದ ಮೈಕ್ರೋಗ್ರಿಡ್ ಅಂದರೆ ಕರೆಂಟ್ ಹೋದಾಗ ಹೊರಗಿನ ಲೈನಿನಿಂದ ತಾನೇ ಬಿಡಿಸಿಕೊಂಡು, ಪ್ಯಾನೆಲ್ಲು ಬ್ಯಾಟರಿ ನಂಬಿಕೊಂಡು ಆವರಣದೊಳಗೆ ತನ್ನ ಸಂಸಾರ ತಾನು ನಡೆಸುವ ಏರ್ಪಾಡು. ಅದನ್ನು ಮಾರಲು ಒಬ್ಬರು ಬಂದಿದ್ದರು, ಟೈ ಕಟ್ಟಿದ್ದರು. “ನೀವು ಒಂದು ಪೈಸೆ ಹಾಕಬೇಕಿಲ್ಲ ಸಾರ್. ಬ್ಯಾಟರಿ ನಮ್ದು, ರಿಪೇರಿ ನಮ್ದು, ಯೂನಿಟ್‌ಗಿಷ್ಟು ಅಂತ ಕೊಟ್ಕೊಂಡು ಹೋದ್ರೆ ಸಾಕು. ಹದಿನೈದು ವರ್ಷದ ಅಗ್ರಿಮೆಂಟ್ ಅಷ್ಟೇ.” ನಮ್ಮ ಯಜಮಾನರು ಕಾಫಿ ಕೆಳಗಿಟ್ಟರು. ಗೋಡೌನೇ ಹನ್ನೊಂದು ತಿಂಗಳ ಅಗ್ರಿಮೆಂಟಿನದು, ಚಾವಣಿಯ ಪ್ಯಾನೆಲ್ ಕಟ್ಟಡದ ಓನರ್‌ದು. ಹೀಗಾಗಿ ಬ್ಯಾಟರಿ ‘ಎರಡನೇ ಹಂತ’ಕ್ಕೆ ಹೋಯ್ತು, ಬೋರ್ಡು ಮೊದಲನೇ ಹಂತದಲ್ಲೇ ಬಂತು. ಚಪ್ಪರ ಹಾಕಿಸಿ, ಊಟ ಬಡಿಸಿ, ಹೆಣ್ಣನ್ನು ಆಮೇಲೆ ನೋಡೋಣ ಅಂದ ಹಾಗೆ.

ಲೆಕ್ಕದವನು, ನನಗೆ ಸುಮ್ನೆ ಕೂರಲಾಗಲ್ಲ. ಒಂದು ಲೀಟರ್ ಡೀಸೆಲ್ ಸುಟ್ಟರೆ ನಮ್ಮ ಜನರೇಟರ್ ಮೂರು ಯೂನಿಟ್ ಚಿಲ್ಲರೆ ಕೊಡುತ್ತದೆ. ಒಂದು ಯೂನಿಟ್‌ಗೆ ಆಟೋ ಎಂಟೋ ಒಂಬತ್ತೋ ಕಿಲೋಮೀಟರ್ ಓಡುತ್ತದೆ. ಅಂದರೆ ಲೀಟರ್‌ಗೆ ಇಪ್ಪತ್ತೈದರ ಆಸುಪಾಸು. ಹಳೇ ರಿಜಿಸ್ಟರ್ ತೆಗೆದು ನೋಡಿದೆ. ನಾವು ಮಾರಿದ ಡೀಸೆಲ್ ಆಟೋಗಳೂ ಹೆಚ್ಚುಕಮ್ಮಿ ಅಷ್ಟೇ ಕೊಡುತ್ತಿದ್ದವು! ಒಂದೇ ವ್ಯತ್ಯಾಸ, ಆಗ ಹೊಗೆ ಬೇರೆ ಬೇರೆ ರಸ್ತೆಗೆ ಹಂಚಿಹೋಗುತ್ತಿತ್ತು, ಈಗ ಪೂರ್ತಿ ನನ್ನ ಕಿಟಕಿಗೇ.

ದೇಶದಲ್ಲೇ ಮೊದಲು ಎಲೆಕ್ಟ್ರಿಕ್ ವಾಹನ ನೀತಿ ತಂದ ರಾಜ್ಯ ನಮ್ಮದು, 2017ರಲ್ಲಿ. ಬಿಸಿಲಿನ ಹೊತ್ತಿನ ಕರೆಂಟ್ ಅಗ್ಗ, ಸಂಜೆಯದು ದುಬಾರಿ ಆಗಬೇಕು ಅಂತ ಕೇಂದ್ರ ಸರ್ಕಾರ 2023ರಲ್ಲಿ ನಿಯಮ ಮಾಡಿತು. ಒಳ್ಳೆಯದೇ. ಆದರೆ ಊಟದ ಹೊತ್ತು ಬಿಟ್ಟರೆ ಬಿಸಿಲಿರುವಾಗ ಆಟೋ ಬೀದಿಯಲ್ಲಿರುತ್ತದೆ, ಆಟೋ ಮನೆಗೆ ಬಂದಾಗ ಸೂರ್ಯನೂ ಮನೆಗೆ ಹೋಗಿರುತ್ತಾನೆ. ಸಂಜೆ ಏಳಕ್ಕೆ ಹನ್ನೆರಡೂ ಬಂದು ಒಟ್ಟಿಗೆ ಪ್ಲಗ್ ಚುಚ್ಚಿಕೊಂಡರೆ, ಆ ಕೆಲವು ನಿಮಿಷದ ಲೋಡನ್ನೇ ಹಿಡಿದು ತಿಂಗಳ ಬಿಲ್ಲಿನಲ್ಲಿ ಡಿಮ್ಯಾಂಡ್ ಚಾರ್ಜ್ ಹಾಕುತ್ತಾರೆ. ತಿಂಗಳಿಡೀ ಉಪವಾಸ ಮಾಡಿ ಒಂದು ದಿನ ಹೋಳಿಗೆ ತಿಂದವನಿಗೆ ಮೂವತ್ತು ದಿನದ ಹೋಳಿಗೆಯ ದುಡ್ಡು ಕೇಳಿದಂತೆ.

ನಮ್ಮ ವಾಚ್‌ಮನ್ ಪಾವಗಡದ ತಿರುಮಣಿ ಕಡೆಯವರು. ಅಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ಇವರ ಹೊಲವೂ ಅದರೊಳಗೇ ಹೋಗಿದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ. “ನಮ್ಮೂರಲ್ಲಿ ಎಲ್ಲಿ ನೋಡಿದ್ರೂ ಪ್ಲೇಟೇ ಸಾರ್” ಅನ್ನುತ್ತಾರೆ. ಹೊಲವನ್ನು ಕರೆಂಟಿಗೆ ಕೊಟ್ಟು ಬಂದವರು ಇಲ್ಲಿ ಜನರೇಟರ್ ಪಕ್ಕ ಕಿವಿಗೆ ಹತ್ತಿ ಇಟ್ಟುಕೊಂಡು ಕೂತಿದ್ದಾರೆ. ಪ್ಯಾನೆಲ್ ತೋರಿಸಿ, “ಇವೂ ಅವೇ ಅಲ್ವಾ ಸಾರ್? ಮತ್ಯಾಕೆ ಮಲಗಿದಾವೆ?” ಅಂದರು. ಎರಡನೇ ಹಂತ ಅಂದೆ. ಅವರಿಗೆ ಅರ್ಥವಾಯ್ತು ಅನ್ಸುತ್ತೆ, ಮುಂದೆ ಏನೂ ಕೇಳಲಿಲ್ಲ.

ಮೂರು ಗಂಟೆಗೆ ಜನರೇಟರ್ ಕೆಮ್ಮಿ ನಿಂತಿತು. ಡೀಸೆಲ್ ಖಾಲಿ. ಸೂಪರ್‌ವೈಸರ್ ಎರಡು ಕ್ಯಾನ್ ಎತ್ತಿ ಆಗಷ್ಟೇ ಬಂದು ನಿಂತ ಆಟೋದಲ್ಲಿಟ್ಟು, “ಬಂಕ್‌ಗೆ ಹೋಗಿ ಬಾರಪ್ಪ” ಅಂದ. ಡ್ರೈವರ್ ಮೀಟರ್ ನೋಡಿದ.

“ಹೋಗಿ ಬರೋಕೆ ಎಂಟು ಕಿಲೋಮೀಟರ್ ಅಣ್ಣ. ಇದು ಆರು ತೋರಿಸ್ತಿದೆ.”

ಕೊನೆಗೆ ನನ್ನ ಪೆಟ್ರೋಲ್ ಸ್ಕೂಟರಿನ ಕೀಲಿ ಕೇಳಿದರು.