ಗೋಕಾಕ ಜಲಪಾತವನ್ನು ಕೊರೆದದ್ದು ಹಿಮನದಿ ಅಲ್ಲ

ಹೋದ ವಾರ ಗೋಕಾಕ ಜಲಪಾತದ ಫೋಟೋ ಜೊತೆ ಒಂದು ಮೆಸೇಜ್ ಹಾಕಿದ್ದೆ. "10 ಸಾವಿರ ವರ್ಷಗಳ ಹಿಂದೆ ಬೆಳಗಾವಿ ಸೀಮೆಯೆಲ್ಲ ಮಂಜುಗಡ್ಡೆ. ಈ ಕಣಿವೆ ಕೊರೆದದ್ದು ಹಿಮನದಿ" ಅಂತ ಅದರಲ್ಲಿತ್ತು. ಅದು ತಪ್ಪು. ಕರದಂಟು ತಿನ್ನುತ್ತಾ, ಪೂರ್ತಿ ಓದದೆ ಕಳಿಸಿದವನು ನಾನೇ.

ಕಣಿವೆ ಕೊರೆದದ್ದು ಘಟಪ್ರಭಾ. ಪಶ್ಚಿಮ ಘಟ್ಟದಲ್ಲಿ ಹುಟ್ಟಿ ಬರುವ ಈ ಹೊಳೆ ಇಲ್ಲಿ ಮರಳುಗಲ್ಲಿನ ಬಂಡೆಯಿಂದ ಸುಮಾರು 52 ಮೀಟರ್ ಕೆಳಗೆ ಧುಮುಕುತ್ತದೆ. ಮಳೆಗಾಲದ ಕೆಂಪು ನೀರು ನೋಡಿದ್ದೀರಲ್ವಾ? ಅದು ಬರೀ ನೀರಲ್ಲ. ಅದರಲ್ಲಿ ಮರಳು, ಹರಳು, ಗುಂಡುಕಲ್ಲು ಎಲ್ಲ ಉರುಳಿ ಬಂದು ಬಂಡೆಯನ್ನು ಉಜ್ಜುತ್ತವೆ. ಬಿರುಕಿಗೆ ನುಗ್ಗಿದ ನೀರು ಕಲ್ಲನ್ನು ಸಡಿಲ ಮಾಡುತ್ತದೆ. ಬುಡ ಸವೆದರೆ ಮೇಲಿನ ಬಂಡೆ ಕಳಚಿ ಬೀಳುತ್ತದೆ. ಹೀಗೆ ಜಲಪಾತಗಳು ನಿಧಾನವಾಗಿ ಹಿಂದಕ್ಕೆ ಸರಿಯುತ್ತವೆ.

ಕೊನೆಯ ಹಿಮಯುಗದಲ್ಲಿ ಭಾರತದ ಹಿಮನದಿಗಳು ಇದ್ದದ್ದು ಹಿಮಾಲಯದ ಕಡೆ. ನಮ್ಮ ಬಿಸಿಲಿನ ಸೀಮೆಯಲ್ಲಿ ಅವು ಇರಲಿಲ್ಲ. ಹಿಮನದಿ ಹಾದುಹೋದ ಬಂಡೆಯ ಮೇಲೆ ಎಳೆದ ಗೀರುಗಳು ಉಳಿಯುತ್ತವೆ, ಕಣಿವೆಯ ತಳ ತೊಟ್ಟಿಲ ಹಾಗೆ ಅಗಲವಾಗುತ್ತದೆ. ಹಾಂ, ಸುಮಾರು 30 ಕೋಟಿ ವರ್ಷಗಳ ಹಿಂದೆ ಭಾರತದಲ್ಲಿ ದೊಡ್ಡ ಹಿಮನದಿಗಳಿದ್ದವು. ಅವು ಬಿಟ್ಟುಹೋದ ಕಲ್ಲುಗಳು ಒಡಿಶಾದ ತಾಲ್ಚೇರ್ ಕಡೆ ಇವೆ. ಅದು ಬೇರೆಯೇ ಕಥೆ, ಗೋಕಾಕಕ್ಕೆ ಸಂಬಂಧವಿಲ್ಲ.

ನನ್ನ ಹಳೆ ಮೆಸೇಜ್ ಅಳಿಸಿದ್ದೇನೆ. ನಿಮ್ಮ ಗ್ರೂಪಿನಲ್ಲಿದ್ದರೆ ದಯವಿಟ್ಟು ಮುಂದೆ ಕಳಿಸಬೇಡಿ. ಫೋಟೋ ಮಾತ್ರ ಅಸಲಿ, ಅದನ್ನು ಇಟ್ಟುಕೊಳ್ಳಿ.