ಬೆಳಗಿನ ಜಾವ ಎರಡಕ್ಕೆ ಅಲಾರಂ, ರಾತ್ರಿ ಎಂಟಕ್ಕೆ ಬಾಣಬಿರುಸು

ರಜೆಗೆಂದು ಹೋದವರು ಬೆಳಗಿನ ಜಾವ ಎರಡು ಗಂಟೆಗೆ ಅಲಾರಂ ಇಟ್ಟುಕೊಳ್ಳುವ ಊರು ಪ್ರಪಂಚದಲ್ಲಿ ಎರಡೇ ಇರಬೇಕು. ಒಂದು ತಿರುಪತಿ. ಇನ್ನೊಂದು ಜನವರಿಯ ಒರ್ಲಾಂಡೊ.

ಫ್ಲಾರಿಡಾದ ಒರ್ಲಾಂಡೊ ಪಕ್ಕದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ಮೊದಲ ಮ್ಯಾರಥಾನ್ ನಡೆದದ್ದು 1994ರ ಜನವರಿಯಲ್ಲಿ. ಈಗ ಅದು ನಾಲ್ಕು ದಿನದ ಜಾತ್ರೆ. ಗುರುವಾರ 5ಕೆ, ಅಂದರೆ ಐದು ಕಿಲೋಮೀಟರ್, ಶುಕ್ರವಾರ 10ಕೆ, ಶನಿವಾರ ಹಾಫ್ ಮ್ಯಾರಥಾನ್, ಭಾನುವಾರ 42.195 ಕಿಲೋಮೀಟರಿನ ಫುಲ್. ಶನಿವಾರ, ಭಾನುವಾರ ಎರಡೂ ಓಡಿದರೆ ಅದು ಗೂಫಿ ಚಾಲೆಂಜ್. ನಾಲ್ಕೂ ದಿನ ಓಡಿದರೆ ಡೋಪಿ ಚಾಲೆಂಜ್, ಒಟ್ಟು 48.6 ಮೈಲಿ, ಅಂದರೆ 78 ಕಿಲೋಮೀಟರ್, ಪದಕ ಆರು. ಬೆಂಗಳೂರಿನಿಂದ ಮದ್ದೂರಿಗೆ ಓಡಿಹೋದಷ್ಟು, ವಡೆ ಮಾತ್ರ ಸಿಗುವುದಿಲ್ಲ.

ಇಷ್ಟೇ ಆಗಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ತೊಂದರೆ ಶುರುವಾಗುವುದು ಮನೆಯಲ್ಲಿ ಒಂದು ಮಾತು ಹುಟ್ಟಿದಾಗ: "ರೀ, ಹೇಗೂ ಅಲ್ಲಿವರೆಗೂ ಹೋಗ್ತೀರಲ್ಲ, ನಾವೂ ಬರ್ತೀವಿ. ಮಕ್ಕಳಿಗೆ ಮಿಕ್ಕಿ ತೋರಿಸಿದ ಹಾಗೂ ಆಗತ್ತೆ."

ಓಟ ಮತ್ತು ಪಾರ್ಕು ಒಂದೇ ಜಾಗದಲ್ಲಿದ್ದರೂ ಇವೆರಡರ ಜಾತಕ ಕೂಡುವುದಿಲ್ಲ. ಥೀಮ್ ಪಾರ್ಕಿಗೆ ಬೇಕಾದ ಬಂಡವಾಳ ದುಡ್ಡು ಮತ್ತು ಕಾಲು. ಒಂದು ಪಾರ್ಕನ್ನು ಬೆಳಗಿನಿಂದ ರಾತ್ರಿವರೆಗೆ ಸುತ್ತಿದರೆ ಸಲೀಸಾಗಿ ಹತ್ತು ಹದಿನೈದು ಕಿಲೋಮೀಟರ್ ನಡೆದಿರುತ್ತೀರಿ, ಅದರಲ್ಲೂ ಅರ್ಧ ಕ್ಯೂನಲ್ಲಿ ನಿಂತು ನಿಂತು. ಮ್ಯಾರಥಾನಿನ ಹಿಂದಿನ ಎರಡು ದಿನ ಕಾಲಿಗೆ ಕೊಡಬಾರದ ಕೆಲಸ ಯಾವುದು ಎಂದು ಪಟ್ಟಿ ಮಾಡಿದರೆ ಇದೇ ಮೊದಲು ಬರುತ್ತದೆ. ಇನ್ನು ನಿದ್ದೆಯ ಲೆಕ್ಕ. ಓಟ ಶುರುವಾಗುವುದು ಬೆಳಿಗ್ಗೆ ಐದಕ್ಕೆ. ಹೋಟೆಲಿನಿಂದ ಬಸ್ಸು ಮೂರರ ಸುಮಾರಿಗೆ. ಏಳಬೇಕಾದದ್ದು ಎರಡಕ್ಕೆ. ಏಳು ಗಂಟೆ ನಿದ್ದೆ ಬೇಕೆಂದರೆ ಹಿಂದಿನ ಸಂಜೆ ಏಳಕ್ಕೇ ಮಲಗಬೇಕು. ಡಿಸ್ನಿಯ ಪಾರ್ಕುಗಳಲ್ಲೊಂದಾದ ಮ್ಯಾಜಿಕ್ ಕಿಂಗ್‌ಡಮ್‌ನ ಬಾಣಬಿರುಸು ಶುರುವಾಗುವುದು ಎಂಟರ ಸುಮಾರಿಗೆ. ಮಕ್ಕಳು ಬಂದಿರುವುದೇ ಆ ಬಾಣಬಿರುಸಿಗೆ.

ಆದ್ದರಿಂದ ಮೊದಲ ಸೂತ್ರ: ಪಾರ್ಕು ಓಟದ ನಂತರ. ಭಾನುವಾರ ಓಟ, ಸೋಮವಾರದಿಂದ ಬುಧವಾರದವರೆಗೆ ಪಾರ್ಕು. ಹೊಸವರ್ಷದ ಜಂಗುಳಿ ಅಷ್ಟೊತ್ತಿಗೆ ಕರಗಿರುತ್ತದೆ. ಓಟದ ಮೊದಲಿನ ದಿನಗಳಲ್ಲಿ ಮಕ್ಕಳನ್ನು ಕೋಣೆಯಲ್ಲಿ ಕೂಡಿಹಾಕಲು ಆಗುವುದಿಲ್ಲವಲ್ಲ, ಓಡದವರು ಅವರನ್ನು ಕರೆದುಕೊಂಡು ಹೋಗಲಿ. ಓಡುವವರು ಹೆಚ್ಚೆಂದರೆ ಮಧ್ಯಾಹ್ನದವರೆಗೆ ಜೊತೆಗಿದ್ದು ವಾಪಸ್ ಬಂದು ಕಾಲು ಮೇಲಿಟ್ಟು ಮಲಗಬೇಕು. ನೀರಿಗೆ ಧುಮುಕುವ ಸವಾರಿಗಳಂತೂ ಬೇಡವೇ ಬೇಡ. ಒದ್ದೆ ಸಾಕ್ಸಿನಲ್ಲಿ ಮೂರು ಗಂಟೆ ನಡೆದರೆ ಗುರುವಾರದ ಬೊಬ್ಬೆ ಭಾನುವಾರ ಕೂಗುತ್ತದೆ. ಓಟದ ಶೂ ಪಾರ್ಕಿಗೆ ಹಾಕಬೇಡಿ, ಪಾರ್ಕಿಗೆಂದು ಕೊಂಡ ಹೊಸ ಶೂ ಓಟಕ್ಕೂ ಹಾಕಬೇಡಿ. ಎರಡು ಜೊತೆ ಹಿಡಿಸುವಷ್ಟು ಜಾಗ ಸೂಟ್‌ಕೇಸಿನಲ್ಲಿ ಇರಲೇಬೇಕು, ಉಪ್ಪಿನಕಾಯಿ ಒಂದು ಡಬ್ಬಿ ಕಡಿಮೆಯಾದರೂ ಸರಿ.

ಇವೆಲ್ಲಕ್ಕೂ ಮೊದಲು ನೋಂದಣಿ ಎಂಬ ಗಂಡಾಂತರವಿದೆ. ಅದು ಒಂಬತ್ತು ಹತ್ತು ತಿಂಗಳು ಮುಂಚೆಯೇ ತೆರೆಯುತ್ತದೆ, ಬೇಗ ಮುಗಿದೂ ಹೋಗುತ್ತದೆ. ಕಟ್ಟಿದ ಹಣ ವಾಪಸ್ ಇಲ್ಲ, ನಿಮ್ಮ ಜಾಗಕ್ಕೆ ಭಾವಮೈದುನನನ್ನು ಕಳಿಸುವ ಹಾಗೂ ಇಲ್ಲ. ಊರಿನಿಂದ ಹೋಗುವವರಿಗೆ ಇಲ್ಲಿ ಕೋಳಿ ಮೊದಲೋ ಮೊಟ್ಟೆ ಮೊದಲೋ ಎಂಬ ಪ್ರಶ್ನೆ. ವೀಸಾ ಇಲ್ಲದೆ ದುಡ್ಡು ಕಟ್ಟಲು ಧೈರ್ಯವಿಲ್ಲ, ವೀಸಾ ಬರುವಷ್ಟರಲ್ಲಿ ಜಾಗವಿಲ್ಲ. ಪಾಸ್‌ಪೋರ್ಟಿನಲ್ಲಿ ಹತ್ತು ವರ್ಷದ ವೀಸಾ ಈಗಾಗಲೇ ಅಂಟಿಕೊಂಡಿರುವವರು, ಮಗಳ ಬಾಣಂತನಕ್ಕೆ ಹೋಗಿಬಂದ ಅಜ್ಜ ಅಜ್ಜಿಯರು, ಈ ವಿಷಯದಲ್ಲಿ ಭಾಗ್ಯವಂತರು.

ಇಲ್ಲಿಂದ ಹೋಗುವವರಿಗೆ ಒಂದು ಲಾಭವೂ ಇದೆ. ಒರ್ಲಾಂಡೊದಲ್ಲಿ ಬೆಳಗಿನ ಜಾವ ಎರಡಾದಾಗ ಬೆಂಗಳೂರಿನಲ್ಲಿ ಮಧ್ಯಾಹ್ನ ಹನ್ನೆರಡೂವರೆ. ಅಮೆರಿಕದವರು ಅಲಾರಂ ಬಡಿದು, ಕಾಫಿ ಕುಡಿದು, ದೇವರನ್ನು ಶಪಿಸಿ ಏಳುವ ಹೊತ್ತಿಗೆ ನಿಮಗೆ ಊಟದ ಹಸಿವೆ. ಸಂಜೆ ಆರಕ್ಕೆ ಕುಳಿತಲ್ಲೇ ತೂಕಡಿಕೆ. ಮೊದಲ ಮೂರ್ನಾಲ್ಕು ದಿನ ಎಲ್ಲರೂ ಬೈಯುವ ಜೆಟ್‌ಲ್ಯಾಗು ಇಲ್ಲಿ ವರ. ಅದನ್ನು ಸರಿಮಾಡಿಕೊಳ್ಳಲು ಹೋಗಬೇಡಿ. ಮಂಗಳವಾರ ಇಳಿಯಿರಿ. ಬುಧವಾರ ಓಟಗಾರರ ಮೇಳವಾದ ಎಕ್ಸ್‌ಪೋಗೆ ಹೋಗಿ ಬಿಬ್, ಅಂದರೆ ಎದೆಗೆ ಸಿಕ್ಕಿಸಿಕೊಳ್ಳುವ ನಂಬರ್ ಚೀಟಿ, ತೆಗೆದುಕೊಳ್ಳಿ. ಗುರುತಿನ ಚೀಟಿ ತೋರಿಸಿ ಖುದ್ದಾಗಿ ನೀವೇ ತರಬೇಕು, ಓಟದ ಬೆಳಿಗ್ಗೆ ಕೊಡುವುದಿಲ್ಲ. ಗುರುವಾರದ 5ಕೆ ಓಡುವವರು ಬುಧವಾರ ಸಂಜೆ ಇಳಿಯುವ ವಿಮಾನ ಹಿಡಿದರೆ, ದೋಹಾದಲ್ಲೋ ಫ್ರಾಂಕ್‌ಫರ್ಟಿನಲ್ಲೋ ಎರಡು ಗಂಟೆ ತಡವಾದರೂ ಸಾಕು, ಡೋಪಿಯ ಆರು ಪದಕದ ಕನಸು ಅಲ್ಲೇ ಮುಗಿಯಿತು.

"ಟ್ಯಾಂಪಾದಲ್ಲಿ ಅಣ್ಣನ ಮನೆ ಇದೆಯಲ್ಲ, ಹೋಟೆಲ್ ಯಾಕೆ ದಂಡ" ಎನ್ನುವ ಸಲಹೆ ಖಂಡಿತ ಬರುತ್ತದೆ. ಟ್ಯಾಂಪಾದಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರ, ಅದರ ಮೇಲೆ ಓಟದ ದಿನ ಪಾರ್ಕಿನ ಸುತ್ತಲ ರಸ್ತೆಗಳನ್ನು ಮುಚ್ಚುತ್ತಾರೆ. ಅಣ್ಣನ ಮನೆಯಲ್ಲಿ ಉಳಿದರೆ ಏಳಬೇಕಾದದ್ದು ನಡುರಾತ್ರಿ ಹನ್ನೆರಡೂವರೆಗೆ. ಅತ್ತಿಗೆ ಆಗಷ್ಟೇ ಪಾತ್ರೆ ತೊಳೆದು ಮಲಗಿರುತ್ತಾರೆ. ಡಿಸ್ನಿಯದೇ ಹೋಟೆಲುಗಳಲ್ಲಿ ಉಳಿದರೆ ಬಸ್ಸು ಬಾಗಿಲಿಗೇ ಬರುತ್ತದೆ. ದುಬಾರಿ ಹೌದು. ಆದರೆ ನಾಲ್ಕು ದಿನದ ನಿದ್ದೆಯ ಬೆಲೆ ಕೂಡಿಸಿದರೆ ಅಷ್ಟೇನೂ ಅಲ್ಲ. ಓಟ ಮುಗಿಯುವುದೂ ಎಪ್ಕಾಟ್ ಪಾರ್ಕಿನ ಹತ್ತಿರವೇ. ಅಲ್ಲಿಗೆ ನಡೆದೇ ಹೋಗಬಹುದಾದ ಬೋರ್ಡ್‌ವಾಕ್ ಕಡೆಯ ಹೋಟೆಲು ಸಿಕ್ಕರೆ, ಓಡದವರೂ ಬಸ್ಸಿನ ಹಂಗಿಲ್ಲದೆ ಬೀದಿಗೆ ಬಂದು ಚಪ್ಪಾಳೆ ತಟ್ಟಬಹುದು.

ಊಟದ ವಿಷಯ. ಮಿಕ್ಕಿ, ಗೂಫಿ ಮೇಜಿನ ಹತ್ತಿರ ಬಂದು ಮಾತಾಡಿಸುವ ಬಫೆಗಳಿವೆ. 60 ದಿನ ಮೊದಲೇ ಕಾಯ್ದಿರಿಸಬಹುದು. ಎಲ್ಲರೂ ಮಾಡುವ ತಪ್ಪು, ಶನಿವಾರ ರಾತ್ರಿ ಏಳೂವರೆಗೆ ಕಾಯ್ದಿರಿಸುವುದು. ದುಡ್ಡು ಕೊಟ್ಟ ಬಫೆಯಲ್ಲಿ ಕಡಿಮೆ ತಿನ್ನುವುದು ನಮ್ಮ ಸಂಸ್ಕಾರದಲ್ಲೇ ಇಲ್ಲ. ಮರುದಿನ ಹದಿಮೂರನೇ ಮೈಲಿಯಲ್ಲಿ ಆ ಚೀಸು ಮಾತಾಡುತ್ತದೆ. ಓಟದ ಹಿಂದಿನ ದಿನದ ರಾತ್ರಿಯೂಟ ಸಂಜೆ ನಾಲ್ಕೂವರೆಗೆ, ಮನೆಯಲ್ಲಾಗಿದ್ದರೆ ಬೋಂಡ ಕಾಫಿಯ ಹೊತ್ತಿಗೆ, ಮುಗಿಯಬೇಕು. ಅನ್ನ, ಮೊಸರು, ಉಪ್ಪು. ಬೆಳಗಿನ ಎರಡೂವರೆಯ ತಿಂಡಿಗೆ ನಮ್ಮ ಅವಲಕ್ಕಿಗಿಂತ ಒಳ್ಳೆಯದನ್ನು ಯಾವ ಕ್ರೀಡಾ ಕಂಪನಿಯೂ ಕಂಡುಹಿಡಿದಿಲ್ಲ. ಒಲೆ ಬೇಡ, ನಾರು ಕಡಿಮೆ, ಹೊಟ್ಟೆಗೆ ಹಗುರ. ಒಂದೂವರೆ ಲೋಟ ದಪ್ಪ ಅವಲಕ್ಕಿಯನ್ನು ತೊಳೆದು, ಹತ್ತು ನಿಮಿಷ ನೆನೆಸಿ, ಬಾಳೆಹಣ್ಣು, ಒಂದು ಚಮಚ ಬೆಲ್ಲ, ಚಿಟಿಕೆ ಉಪ್ಪು. ಊರಿಂದ ಹೊತ್ತು ಕಸ್ಟಮ್ಸಿನವರ ಮುಂದೆ ಅದೇನೆಂದು ವಿವರಿಸುವ ಗೋಜು ಬೇಡ, ಒರ್ಲಾಂಡೊದ ಭಾರತೀಯ ದಿನಸಿ ಅಂಗಡಿಯಲ್ಲೇ ಕೊಳ್ಳಿ. ಮನೆಯಲ್ಲಿ ಉದ್ದ ಓಟದ ದಿನ ತಿಂದು ನೋಡಿರದ ಯಾವುದನ್ನೂ ಅಲ್ಲಿ ಹೊಸದಾಗಿ ತಿನ್ನಬೇಡಿ, ಅವಲಕ್ಕಿಯೂ ಸೇರಿ.

ಓಟಗಾರರನ್ನು ಗುಂಪು ಮಾಡಿ ನಿಲ್ಲಿಸುವ ಜಾಗಕ್ಕೆ ಕೊರಾಲ್ ಎನ್ನುತ್ತಾರೆ. ಕನ್ನಡದಲ್ಲಿ ದೊಡ್ಡಿ. ಹೆಸರಿಗೆ ತಕ್ಕಂತೆ ಬಯಲಿನಲ್ಲಿ ಒಂದು ಗಂಟೆ ಕೂಡಿಹಾಕುತ್ತಾರೆ. ಫ್ಲಾರಿಡಾದ ಜನವರಿಯನ್ನು ನಂಬುವ ಹಾಗಿಲ್ಲ. ಒಂದು ವರ್ಷ ಆ ಹೊತ್ತಿಗೆ ಇಪ್ಪತ್ತು ಡಿಗ್ರಿ, ಬೆವರು. ಇನ್ನೊಂದು ವರ್ಷ ಸೊನ್ನೆಯ ಹತ್ತಿರ. ಆದ್ದರಿಂದ ಬಿಸಾಡುವ ಬಟ್ಟೆ ಬೇಕು. ಹಳೇ ಸ್ವೆಟರ್, ಮಂಕಿ ಟೋಪಿ. ಓಟ ಶುರುವಾಗುವಾಗ ಕಳಚಿ ಪಕ್ಕಕ್ಕೆ ಎಸೆದರೆ ಅದನ್ನೆಲ್ಲ ಆರಿಸಿ ಬಡವರಿಗೆ ದಾನ ಕೊಡುತ್ತಾರೆ. ಅಮ್ಮನಿಗೆ ಮಾತ್ರ ಇದನ್ನು ಮೊದಲೇ ಹೇಳಿರಬೇಕು. ಇಲ್ಲದಿದ್ದರೆ 1998ರಲ್ಲಿ ಆಕೆ ಹೆಣೆದ ಸ್ವೆಟರ್ ಎಲ್ಲಿ ಎಂಬ ಪ್ರಶ್ನೆಗೆ ಜೀವನಪರ್ಯಂತ ಉತ್ತರಿಸಬೇಕಾಗುತ್ತದೆ. ಸ್ವೆಟರ್ ಬಿಸಾಡಲು ಮನಸ್ಸು ಬರದವರಿಗೆ ದೊಡ್ಡ ಕಸದ ಚೀಲ ಸಾಕು: ತಲೆಗೆ ಒಂದು ತೂತು, ಕೈಗೆ ಎರಡು. ಗಾಳಿಯನ್ನೂ ತಡೆಯುತ್ತದೆ, ಮಳೆಯನ್ನೂ. ಸಿಡಿಲನ್ನು ತಡೆಯುವುದಿಲ್ಲ. 2017ರಲ್ಲಿ ಸಿಡಿಲಿನ ಭಯಕ್ಕೆ ಹಾಫ್ ಮ್ಯಾರಥಾನನ್ನೇ ರದ್ದು ಮಾಡಿದರು. ಆಗ ಎಷ್ಟೋ ಜನ ತಮ್ಮ ತಮ್ಮ ಹೋಟೆಲಿನ ಸುತ್ತಲೇ ಪ್ರದಕ್ಷಿಣೆ ಹಾಕಿ 13.1 ಮೈಲಿ ಲೆಕ್ಕ ಮುಗಿಸಿದರು. ಹರಕೆ ಹೊತ್ತವರ ನಿಷ್ಠೆ ಎಲ್ಲ ದೇಶದಲ್ಲೂ ಒಂದೇ.

ಈ ಓಟದಲ್ಲಿ ನಿಮ್ಮ ವೈರಿ ದೂರವಲ್ಲ, ಬಲೂನು. ಕಟ್ಟಕಡೆಯಲ್ಲಿ ಬಲೂನು ಕಟ್ಟಿಕೊಂಡ ಕೆಲವು ಹೆಂಗಸರು ಮೈಲಿಗೆ 16 ನಿಮಿಷದ ಗತಿಯಲ್ಲಿ, ನಮ್ಮ ಲೆಕ್ಕಕ್ಕೆ ಕಿಲೋಮೀಟರಿಗೆ ಹತ್ತು ನಿಮಿಷದ ಹಾಗೆ, ನಗುನಗುತ್ತಾ ಬರುತ್ತಾರೆ. ಅವರಿಗಿಂತ ಹಿಂದೆ ಬಿದ್ದವರನ್ನು ಬಸ್ಸಿಗೆ ಹತ್ತಿಸಲಾಗುತ್ತದೆ. ಹತ್ತು ನಿಮಿಷಕ್ಕೊಂದು ಕಿಲೋಮೀಟರ್ ಅಂದರೆ ಬಿರುಸು ನಡಿಗೆ, ಇದೇನು ಮಹಾ ಅನ್ನಿಸುತ್ತದೆ. ಆದರೆ ದಾರಿಯುದ್ದಕ್ಕೂ ಮಿಕ್ಕಿ, ಡೊನಾಲ್ಡ್, ರಾಜಕುಮಾರಿಯರು, ಕಡಲ್ಗಳ್ಳರು ಫೋಟೋಗೆ ನಿಂತಿರುತ್ತಾರೆ. ಪ್ರತಿಯೊಬ್ಬರ ಮುಂದೂ ಕ್ಯೂ. ಕ್ಯೂನಲ್ಲಿ ನಿಂತಾಗ ಗಡಿಯಾರ ನಿಲ್ಲುವುದಿಲ್ಲ, ಬಲೂನೂ ನಿಲ್ಲುವುದಿಲ್ಲ. ಲೆಕ್ಕ ಹೀಗೆ ಹಾಕಿ: ನಿಮ್ಮ ದೊಡ್ಡಿ ಬಲೂನಿಗಿಂತ 40 ನಿಮಿಷ ಮೊದಲು ಹೊರಟಿತು, ನೀವು ಅವರ ಗತಿಯಲ್ಲೇ ಓಡುತ್ತೀರಿ, ಒಂದು ಫೋಟೋಗೆ ಹತ್ತು ನಿಮಿಷ. ಅಂದರೆ ನಿಮಗೆ ಮೂರು ಫೋಟೋ. ನಾಲ್ಕನೆಯದು ಬಸ್ಸಿನ ಕಿಟಕಿಯಿಂದ. ನೋಂದಣಿಯಲ್ಲಿ ಹಿಂದಿನ ಓಟದ ಸಮಯದ ಪುರಾವೆ ಕೊಟ್ಟು ಮುಂದಿನ ದೊಡ್ಡಿ ಗಿಟ್ಟಿಸಿಕೊಳ್ಳುವುದು ಅಹಂಕಾರಕ್ಕಲ್ಲ, ಫೋಟೋಗೆ.

ಮ್ಯಾಜಿಕ್ ಕಿಂಗ್‌ಡಮ್‌ನ ಸಿಂಡ್ರೆಲಾ ಕೋಟೆಯ ಒಳಗೇ ಓಟದ ದಾರಿ ಹೋಗುತ್ತದೆ. ಹಿಂಬಾಗಿಲಿನಿಂದ ನುಗ್ಗಿ ಮುಂದಿನ ಇಳಿಜಾರಿನಲ್ಲಿ ಹೊರಬರಬೇಕು. ಇನ್ನೂ ಕತ್ತಲು, ಕೋಟೆಗೆಲ್ಲ ದೀಪ, ಜನ ಕೂಗುತ್ತಿರುತ್ತಾರೆ. ಹೊರಬಿದ್ದ ತಕ್ಷಣ ಮುಂದಿನವರು ಗಕ್ಕನೆ ನಿಂತು ಮೊಬೈಲು ಮೇಲೆತ್ತುತ್ತಾರೆ, ಹಿಂದಿನವರು ಅವರ ಬೆನ್ನಿಗೆ ಬಂದು ಬೀಳುತ್ತಾರೆ. ಎಡವಿ ಬೀಳುವ ಜಾಗ ಇಪ್ಪತ್ತನೇ ಮೈಲಿಯಲ್ಲ, ಇದು. ಒಂದು ಬದಿಗೆ ಸರಿದು ಓಡಿ. ಇನ್ನೊಂದು ಗುಟ್ಟು: ಹೊರಡುವ ಜಾಗದ ಪ್ಲಾಸ್ಟಿಕ್ ಶೌಚಾಲಯಗಳ ಮುಂದೆ ಉದ್ದುದ್ದ ಸಾಲು. ಕಾಯಲು ಆಗುವಂತಿದ್ದರೆ ಕಾಯಿರಿ. ದಾರಿಯಲ್ಲಿ ಪಾರ್ಕಿನೊಳಗೆ ನಿಜವಾದ, ನೀರು ಬರುವ, ಕನ್ನಡಿ ಇರುವ ಶೌಚಾಲಯ ಸಿಗುತ್ತದೆ.

ಮುಗಿದ ಮೇಲಿನದು ಯಾರೂ ಮೊದಲೇ ಹೇಳದ ಅಧ್ಯಾಯ. ಮೆಟ್ಟಿಲು ಹತ್ತುವುದು ಕಷ್ಟವಲ್ಲ, ಇಳಿಯುವುದು ಕಷ್ಟ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ಹೊರಬೇಕು. ನಲವತ್ತೆರಡು ಕಿಲೋಮೀಟರಿನಲ್ಲಿ ಹರಿದು ಚಿಂದಿಯಾದದ್ದೂ ಅದೇ ಸ್ನಾಯು. ನೋವು ಏರುವುದು ಮರುದಿನ, ಅದರ ಮರುದಿನ. ಅಂದರೆ ಸರಿಯಾಗಿ ನೀವು ಪಾರ್ಕಿಗೆಂದು ಇಟ್ಟ ಸೋಮವಾರ, ಮಂಗಳವಾರ. ಲಿಫ್ಟಿನ ಹತ್ತಿರದ ಕೋಣೆ ಕೇಳಿ ಪಡೆಯಿರಿ. ಮೆಟ್ಟಿಲು ಇಳಿಯಲೇಬೇಕಾದರೆ ಕಟಾಂಜನ ಹಿಡಿದು ಹಿಂದುಹಿಂದಾಗಿ ಇಳಿಯಿರಿ. ಯಾರೂ ನಗುವುದಿಲ್ಲ, ಊರಿಗೂರೇ ಹಾಗೆ ಇಳಿಯುತ್ತಿರುತ್ತದೆ. ಅಮೆರಿಕದಲ್ಲೇ ಇರುವವರಿಗೆ ಆ ವಾರದಲ್ಲೇ ಸಂಕ್ರಾಂತಿ ಬಂದರೆ ಎಳ್ಳು ಬೀರಿ ದೊಡ್ಡವರ ಕಾಲಿಗೆ ಬೀಳುವುದು ಬೇರೆ. ಬೀಳುವುದೇನೋ ಸುಲಭ, ಎಬ್ಬಿಸಲು ಇಬ್ಬರು ಬೇಕು.

ಆದರೂ ಮಲಗಿಬಿಡಬಾರದು, ಮೆಲ್ಲಗೆ ನಡೆದರೆ ಬಿಗಿತ ಬಿಡುತ್ತದೆ. ಭಾನುವಾರ ಸಂಜೆಗೆ ಎಪ್ಕಾಟಿನ ಕೆರೆ ಸುತ್ತ ಹನ್ನೊಂದು ದೇಶಗಳ ಮಂಟಪಗಳ ದಾರಿ ಪ್ರಶಸ್ತ. ಸಮತಟ್ಟು, ಸುಮಾರು ಎರಡು ಕಿಲೋಮೀಟರ್, ದೇಶಕ್ಕೊಂದು ಬೆಂಚು. ಸೋಮವಾರ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಸ್ಪೇಸ್ ಮೌಂಟನ್ ಎಂಬ ರೋಲರ್ ಕೋಸ್ಟರ್ ಕಡೆ ಹೋಗಬೇಡಿ. ಅದರ ಬಂಡಿ ನೆಲಮಟ್ಟದಲ್ಲಿದೆ. ಕೂರುವುದು ಬೀಳುವುದೇ, ಏಳುವುದಕ್ಕೆ ಕ್ರೇನು. ದೋಣಿ ಸವಾರಿಗಳಲ್ಲೂ ಒಂದು ಹೆಜ್ಜೆ ಕೆಳಗಿಳಿಯಲೇಬೇಕು. ಹಾಂಟೆಡ್ ಮ್ಯಾನ್ಶನ್ ಎಂಬ ದೆವ್ವದ ಮನೆಯ ಸವಾರಿಯಲ್ಲಿ ಹತ್ತುವ ಜಾಗದ ಪಟ್ಟಿ ಚಲಿಸುತ್ತಲೇ ಇರುತ್ತದೆ, ನೀವೇ ಅದರ ವೇಗಕ್ಕೆ ಚುರುಕಾಗಿ ಹೆಜ್ಜೆ ಹಾಕಬೇಕು. ಚುರುಕು ಎಂಬ ಪದ ಅಂದು ನಿಮ್ಮ ನಿಘಂಟಿನಲ್ಲಿಲ್ಲ. ನಿಮ್ಮದು ಕ್ಯಾರೊಸೆಲ್ ಆಫ್ ಪ್ರೋಗ್ರೆಸ್. 1964ರ ನ್ಯೂಯಾರ್ಕ್ ವಿಶ್ವ ಮೇಳಕ್ಕೆ ಮಾಡಿದ ಹಳೇ ಬೊಂಬೆಯಾಟ. ಕುರ್ಚಿ, ತಂಪು, ಇಪ್ಪತ್ತು ನಿಮಿಷ, ಮತ್ತು ಇಡೀ ಸಭಾಂಗಣವೇ ತಿರುಗುವುದರಿಂದ ನೀವು ಏಳಬೇಕಿಲ್ಲ. ಬೇರೆ ದಿನ ಅರ್ಧ ಖಾಲಿ ಇರುವ ಆ ಸಭಾಂಗಣದಲ್ಲಿ ಅಂದು ಕೊರಳಿಗೆ ಪದಕ ಹಾಕಿಕೊಂಡವರು ಸಾಲಾಗಿ ಗೊರಕೆ ಹೊಡೆಯುತ್ತಿರುತ್ತಾರೆ. ಅತ್ತೆಯವರಿಗೆಂದು ಬಾಡಿಗೆಗೆ ಪಡೆದ ಗಾಲಿಕುರ್ಚಿಯನ್ನು ಓಟಗಾರ ಅಳಿಯ ಆಸೆಗಣ್ಣಿನಿಂದ ನೋಡುವುದೂ ಅಂದೇ. ಅತ್ತೆ ಇಳಿದು ನಡೆಯುತ್ತೇನೆಂದರೆ ಬೇಡವೆನ್ನಬೇಡಿ.

ವಾಪಸ್ ಬರುವಾಗ ಪದಕಗಳನ್ನು ಕೈಚೀಲದಲ್ಲೇ ಇಡಿ. ಆರು ಲೋಹದ ಬಿಲ್ಲೆಗಳು ಎಕ್ಸ್‌ರೇಯಲ್ಲಿ ಏನೇನೋ ಆಗಿ ಕಾಣುತ್ತವೆ, ಚೀಲ ತೆರೆಸಿಯೇ ತೆರೆಸುತ್ತಾರೆ, ಅದಕ್ಕೆ ಹತ್ತು ನಿಮಿಷ ಇಟ್ಟುಕೊಳ್ಳಿ. ದೊಡ್ಡ ಸೂಟ್‌ಕೇಸಿಗೆ ಹಾಕೋಣವೆಂದರೆ ಅದರ 23 ಕಿಲೋ ಮಿತಿ ಮಿಕ್ಕಿಯ ಬೊಂಬೆಗಳಿಗೇ ಸರಿಹೋಗಿರುತ್ತದೆ.